ಒಣದ್ರಾಕ್ಷಿ ಸುತ್ತಿದ ಪೇಪರು

ಬಬಲೇಶ್ವರ

ಅಮೆರಿಕಕ್ಕೆ ಹೋಗಿ ಬಂದವರು ಸೇತುವೆ, ಕಟ್ಟಡ, ಸಮುದ್ರ ಎಂದೆಲ್ಲ ಹೇಳುತ್ತಾರೆ. ನಾನು ಅಲ್ಲಿ ನೋಡಿದ್ದು ಒಂದು ಕೋಣೆ, ಕೋಣೆಗೊಂದು ಕಿಟಕಿ, ಕಿಟಕಿಯಾಚೆ ಒಂದು ಗುಡ್ಡ. ಆ ಗುಡ್ಡವೂ ನಾನಿದ್ದಾಗಲೇ ಸುಟ್ಟುಹೋಯಿತು. ಆದ್ದರಿಂದ ಆ ದೇಶದ ಬಗ್ಗೆ ಏನಾದರೂ ತಿಳಿಯಬೇಕೆನ್ನುವವರು ಬೇರೆ ಯಾರನ್ನಾದರೂ ಕೇಳುವುದು ಒಳ್ಳೆಯದು.

ನಾನು ಹೋದದ್ದು ಅಕ್ಕನನ್ನು ಕರೆತರಲು. ಅಕ್ಕ ಹುಸೇನಬಿ ನರ್ಸಿಂಗ್ ಕಲಿತು ಮೊದಲು ಕೊಲ್ಲಿ ದೇಶಕ್ಕೆ, ಅಲ್ಲಿಂದ ಕ್ಯಾಲಿಫೋರ್ನಿಯಾಕ್ಕೆ ಹೋದವಳು. ಗಂಡ ಅಲ್ಲಿಯೇ ತೀರಿಕೊಂಡ. ಮಕ್ಕಳಿಲ್ಲ. ಈಗ ಹೊಟ್ಟೆಯಲ್ಲಿ ಕ್ಯಾನ್ಸರ್ ಆಗಿ, ಇನ್ನು ಔಷಧ ಕೊಟ್ಟು ಪ್ರಯೋಜನವಿಲ್ಲ ಎಂದು ಡಾಕ್ಟರರು ಕೈಬಿಟ್ಟಿದ್ದರು. ಯಾರಿಂದಲೂ ಏನನ್ನೂ ಕೇಳಿದವಳಲ್ಲ ಅವಳು. ಫೋನಿನಲ್ಲಿ ಒಂದೇ ಒಂದು ಮಾತು ಕೇಳಿದಳು.

"ಮೌಲಾ, ನನ್ನ ಇಬ್ರಾಹಿಂಪುರಕ್ಕ ಕರಕೊಂಡ ಹೋಗೋ. ಅಪ್ಪನ ಬಾಜೂಕ ಒಂದೀಟ ಜಾಗಾ ಸಿಕ್ಕರ ಸಾಕು."

ನಾವು ನದಾಫರು. ವಿಜಯಪುರದ ಇಬ್ರಾಹಿಂಪುರದಲ್ಲಿ, ರೈಲು ಹಳಿಯ ಹತ್ತಿರ, ಅಪ್ಪ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದ. ಅಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ, ಪೇಪರಿನ ಹುಚ್ಚು ಮಾತ್ರ ಬಹಳ. ದಿನವೂ ಪೇಪರು ತರಿಸುವ ಮನೆಯಲ್ಲ ನಮ್ಮದು. ಗಾಂಧಿ ಚೌಕದಿಂದ ಬರುವಾಗ ಭಜಿಯನ್ನೋ ಶೇಂಗಾವನ್ನೋ ಕಟ್ಟಿಕೊಟ್ಟ ಕಾಗದವೇ ನಮ್ಮ ಪೇಪರು. ಸಂಜೆ ಕೆಲಸ ಮುಗಿಸಿ, ಗಡ್ಡದಲ್ಲಿ ಹತ್ತಿಯ ಎಳೆ ಇದ್ದ ಹಾಗೆಯೇ ಅಪ್ಪ ಕಟ್ಟೆಯ ಮೇಲೆ ಕೂರುತ್ತಿದ್ದ. ಅಕ್ಕ ಆ ಎಣ್ಣೆ ಕಾಗದವನ್ನು ತೊಡೆಯ ಮೇಲಿಟ್ಟು ಅಂಗೈಯಿಂದ ತಿಕ್ಕಿ ನೆಟ್ಟಗೆ ಮಾಡಿ ಓದುತ್ತಿದ್ದಳು. ಅಂಗಡಿಯವನು ಹರಿದು ಕಟ್ಟಿದ ಕಾಗದವಲ್ಲವೇ, ಸುದ್ದಿ ಎಲ್ಲೋ ಅರ್ಧಕ್ಕೆ ನಿಲ್ಲುತ್ತಿತ್ತು. "ಮುಂದ?" ಎನ್ನುತ್ತಿದ್ದ ಅಪ್ಪ. ಅಕ್ಕ ಕಣ್ಣು ಮಿಟುಕಿಸದೆ ಮುಂದಿನದನ್ನು ತಾನೇ ಕಟ್ಟಿ, ಪೇಪರಿನ ಭಾಷೆಯಲ್ಲಿಯೇ ಓದಿಬಿಡುತ್ತಿದ್ದಳು. ಕಳ್ಳರು ಸಿಗುತ್ತಿದ್ದರು, ಕಳೆದುಹೋದ ಮಗು ತಾಯಿಯ ಮಡಿಲು ಸೇರುತ್ತಿತ್ತು. ಬಗಲಲ್ಲಿ ಕೂತ ನನಗೆ ಕಾಗದ ಹರಿದದ್ದು ಕಾಣುತ್ತಿತ್ತು. ನಾನು ಬಾಯಿ ಬಿಡುತ್ತಿರಲಿಲ್ಲ.

ನಾನು ಬೆಳೆದು ಕನ್ನಡ ಮಾಸ್ತರನಾದೆ, ಬಬಲೇಶ್ವರದಲ್ಲಿ ಮನೆ ಮಾಡಿದೆ, ನಿವೃತ್ತನೂ ಆದೆ. ಹೊರಡುವ ಮುನ್ನಾದಿನ ನನ್ನ ಹೆಂಡತಿ ರಾಜಮಾ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಟಿಕೋಟಾದ ತನ್ನ ತವರಿನಿಂದ ತರಿಸಿದ ಒಣದ್ರಾಕ್ಷಿ ಎಲ್ಲವನ್ನೂ ಹಳೆಯ ಪೇಪರಿನಲ್ಲಿ ಸುತ್ತಿ ಸುತ್ತಿ ಚೀಲ ತುಂಬಿದಳು. "ಆಕಿ ಬರೂಮಟ ಆಕಿಗೆ ಊರಿನ ರುಚಿ ಇರ್ಲಿ" ಎಂದಳು. ಹದಿನೈದು ದಿನದೊಳಗೆ ಇಬ್ಬರೂ ತಿರುಗಿ ಬರುತ್ತೇವೆಂದು ಅಡುಗೆಮನೆಯ ಪಕ್ಕದ ಕೋಣೆಗೆ ಸುಣ್ಣವನ್ನೂ ಹೊಡೆಸಿದ್ದಳು.

ವಿಮಾನ ಇಳಿದಲ್ಲಿ

ಅಲ್ಲಿ ಚೀಲ ತಪಾಸಣೆ ಮಾಡುವವನು ನನ್ನ ಮೊಮ್ಮಗನ ವಯಸ್ಸಿನವನು, ಬಹಳ ಮರ್ಯಾದಸ್ಥ. ನೀಲಿ ಕೈಗವಸು ಹಾಕಿಕೊಂಡು ಒಂದೊಂದೇ ಗಂಟು ಬಿಚ್ಚಿದ. ರೊಟ್ಟಿ ನೋಡಿ ಇದೇನೆಂದು ಕೇಳಿದ. ನಾನು ಬ್ರೆಡ್ ಎಂದೆ. ಅವನು ಒಂದನ್ನು ಎತ್ತಿ ಬೆರಳಿನಿಂದ ತಟ್ಟಿದ. ಅದು ಟಕಟಕ ಎಂದಿತು. "ಸರ್, ಇದು ಕೆಟ್ಟುಹೋಗಿದೆ" ಎಂದ. ಇಲ್ಲಪ್ಪಾ, ಇದು ಇರುವುದೇ ಹೀಗೆ ಎಂದು ನನ್ನ ಶಾಲೆಯ ಇಂಗ್ಲಿಷಿನಲ್ಲಿ ತಿಳಿಸಿ ಹೇಳುವಷ್ಟರಲ್ಲಿ ನನಗೆ ಬೆವರು ಬಂತು.

ರೊಟ್ಟಿ, ಚಟ್ನಿ ಪಾಸಾದವು. ಒಣದ್ರಾಕ್ಷಿಯ ಸರದಿ ಬಂದಾಗ ಅವನು ತಲೆಯಾಡಿಸಿದ. ಮನೆಯಲ್ಲಿ ಒಣಗಿಸಿದ ಹಣ್ಣು ಬಿಡುವಂತಿಲ್ಲವಂತೆ. ಕಟ್ಟನ್ನು ಅವನು ಎಳೆದ ರಭಸಕ್ಕೆ ಪೇಪರು ಅಡ್ಡ ಹರಿದು, ಅರ್ಧ ಹಾಳೆ ಒಣದ್ರಾಕ್ಷಿಯೊಡನೆ ಬುಟ್ಟಿಗೆ ಬಿತ್ತು, ಅರ್ಧ ಮೇಜಿನ ಮೇಲೆ ಉಳಿಯಿತು. ಟಿಕೋಟಾದ ಶೆಡ್ಡಿನಲ್ಲಿ ಬಲೆಯ ಮೇಲೆ ದಿನಗಟ್ಟಲೆ ಒಣಗಿದ್ದು ಅಲ್ಲಿ ಹೋಗಿ ಕಸದ ಬುಟ್ಟಿ ಸೇರಿತು. ನನಗೆ ಸಿಟ್ಟು ಬಂದು, ಉಳಿದ ಅರ್ಧ ಹಾಳೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡೆ. ಅದನ್ನಾದರೂ ಅವನಿಗೆ ಬಿಡಬಾರದು ಅನಿಸಿತ್ತು.

ಗುಡ್ಡದ ಓಣಿ

ಅಕ್ಕ ಬಾಗಿಲಲ್ಲಿ ನಿಂತಿರುತ್ತಾಳೆ ಎಂದುಕೊಂಡಿದ್ದೆ. ಬಾಗಿಲು ತೆರೆದವಳು ಪಕ್ಕದ ಮನೆಯ ಡೊನಾ ಎಂಬ ಮುದುಕಿ. ಅಕ್ಕ ಒಳಗೆ ಮಂಚದ ಮೇಲಿದ್ದಳು. ಅವಳನ್ನು ನೋಡಿದ ಕೂಡಲೇ ನಾನು ತಡವಾಗಿ ಬಂದೆ ಎಂದು ಗೊತ್ತಾಯಿತು. ನಮ್ಮ ಅವ್ವ ಹೊಲಿದ ಹಳೆಯ ಕೌದಿಯನ್ನು ಕುತ್ತಿಗೆಯವರೆಗೆ ಹೊದ್ದುಕೊಂಡಿದ್ದಳು. ಕೌದಿಯ ಕೆಳಗೆ ಮನುಷ್ಯರಿದ್ದಾರೆ ಎಂದು ಹೇಳುವಷ್ಟೂ ಉಬ್ಬಿರಲಿಲ್ಲ.

"ಏನ್ ಮಾಸ್ತರ, ಮುದುಕ ಆಗಿಯಲ್ಲೋ" ಎಂದಳು. ದನಿ ಮಾತ್ರ ಹಾಗೆಯೇ ಇತ್ತು.

ವಿಮಾನದವರಿಗೆ ಡಾಕ್ಟರರ ಒಂದು ಚೀಟಿ ಬೇಕಿತ್ತು, ಈಕೆ ಇಷ್ಟು ದೂರ ಪ್ರಯಾಣ ಮಾಡಬಲ್ಲಳು ಎಂದು. ಚೀಟಿ ಸಿಕ್ಕಿತ್ತು. ಆದರೆ ಅದು ಆ ವಾರಕ್ಕೆ ಮಾತ್ರ ನಡೆಯುತ್ತಿತ್ತು. ವಾರ ಕಳೆದರೆ ಮತ್ತೆ ಪರೀಕ್ಷೆ ಮಾಡಿಸಬೇಕು, ಮತ್ತೆ ಮಾಡಿದರೆ ಯಾವ ಡಾಕ್ಟರರೂ ಸಹಿ ಹಾಕುವುದಿಲ್ಲ ಎಂಬುದು ನರ್ಸ್ ಆಗಿದ್ದ ಅಕ್ಕನಿಗೇ ಚೆನ್ನಾಗಿ ಗೊತ್ತಿತ್ತು. ಗುರುವಾರದ ವಿಮಾನ ತಪ್ಪಬಾರದು, ಅಷ್ಟೇ.

ಬುಧವಾರ ಗುಡ್ಡದ ಆಚೆ ಹೊಗೆ ಎದ್ದಿತು. ಮೊದಲು ಯಾರೋ ಕಸ ಸುಡುತ್ತಿದ್ದಾರೆ ಎಂದುಕೊಂಡೆ. ಮಧ್ಯಾಹ್ನದ ಹೊತ್ತಿಗೆ ಬೂದಿ ಬೀಳತೊಡಗಿತು. ಅಪ್ಪ ಹತ್ತಿ ಹಿಂಜುವಾಗ ಮನೆಯಲ್ಲೆಲ್ಲ ಎಳೆ ಹಾರಾಡುತ್ತಿತ್ತಲ್ಲ, ಹಾಗೆ ಹಾರಾಡುತ್ತ ಬಂದು ಕಿಟಕಿಯ ಕಟ್ಟೆಯ ಮೇಲೆ ಕೂತಿತು. ನಮ್ಮ ಓಣಿಯಲ್ಲಿ ಬೆಂಕಿ ಬಿದ್ದರೆ ಕೊಡ ಹಿಡಿದು ಜನ ಬೆಂಕಿ ಇದ್ದ ಕಡೆಗೇ ಓಡುತ್ತಾರೆ. ಇಲ್ಲಿ ಎಲ್ಲರ ಫೋನಿಗೂ ಏಕಕಾಲಕ್ಕೆ ಚೀರುವ ಸಂದೇಶ ಬಂತು, ಸಿದ್ಧರಾಗಿರಿ, ಹೇಳಿದಾಗ ಬಿಟ್ಟು ಹೊರಡಿ ಎಂದು. ಡೊನಾ ತನ್ನ ಬೆಕ್ಕನ್ನು ಬುಟ್ಟಿಯಲ್ಲಿ ಹಾಕಿಟ್ಟು, ಅಂಗಳದ ಹೂಗಿಡಗಳಿಗೆ ನೀರು ಹಾಕುತ್ತಿದ್ದಳು. ಬಿಟ್ಟು ಹೋಗುವ ಮನೆಯ ಹೂಗಿಡಕ್ಕೆ ನೀರೇಕೆ ಎಂದು ಕೇಳಿದೆ. "ಬುಧವಾರ ಅಲ್ಲವೇ, ಬುಧವಾರ ನಾನು ನೀರು ಹಾಕುತ್ತೇನೆ" ಎಂದಳು.

ನನಗೆ ಸುಮ್ಮನೆ ಕೂರಲು ಆಗಲಿಲ್ಲ. ಕಿಡಿಯನ್ನು ಕಂಡರೆ ನಮ್ಮ ಮನೆತನಕ್ಕೆ ಜೀವಭಯ. ಹತ್ತಿಗೆ ಹೊಕ್ಕ ಕಿಡಿ ಹೊರಗೆ ಕಾಣದೆ ಒಳಗೊಳಗೇ ಸುಡುತ್ತದೆ. ಅದಕ್ಕೇ ಅಪ್ಪ ಒಂದು ಕೌದಿಯನ್ನು ಯಾವಾಗಲೂ ನೀರಿನ ತೊಟ್ಟಿಯ ಬಳಿ ಇಡುತ್ತಿದ್ದ. ಹಳ್ಳಿಯಲ್ಲಿ ಬಣವಿಗೆ ಬೆಂಕಿ ಹತ್ತಿದರೂ ಪಕ್ಕದ ಬಣವಿಯ ಮೇಲೆ ಒದ್ದೆ ಕೌದಿಯನ್ನೇ ಹೊದಿಸುವುದು. ಅಕ್ಕನಿಗೆ ಜೊಂಪು ಹತ್ತಿದಾಗ ನಾನು ಅವಳ ಮೇಲೊಂದು ತೆಳ್ಳಗಿನ ಚಾದರ ಹಾಕಿ, ಕೌದಿಯನ್ನು ಒಯ್ದು ಬಚ್ಚಲಲ್ಲಿ ತೊಯ್ಸಿ, ಗುಡ್ಡದ ಕಡೆಯ ಮರದ ಬಾಗಿಲಿಗೆ ಹೊರಗಿನಿಂದ ಮೊಳೆ ಹೊಡೆದು ನೇತುಹಾಕಿದೆ. ದೊಡ್ಡ ಕೆಲಸ ಮಾಡಿದೆನೆಂದು ಒಳಗೊಳಗೇ ಹೆಮ್ಮೆಯೂ ಆಯಿತು.

ಹಿಮದ ಸುದ್ದಿ

ಅದೇ ಮಧ್ಯಾಹ್ನ ಟಿವಿಯಲ್ಲಿ ಪರದೆಯನ್ನು ಎರಡು ಪಾಲು ಮಾಡಿದ್ದರು. ಒಂದು ಪಾಲಿನಲ್ಲಿ ನಮ್ಮ ಗುಡ್ಡದ ಸಾಲು ಉರಿಯುತ್ತಿತ್ತು. ಇನ್ನೊಂದರಲ್ಲಿ ಅದೇ ದೇಶದ ಇನ್ನೊಂದು ತುದಿಯ ಊರು ಹಿಮದಲ್ಲಿ ಹೂತುಹೋಗಿತ್ತು. ಕಾರುಗಳ ಬೆನ್ನು ಮಾತ್ರ ಕಾಣುತ್ತಿತ್ತು. ಇದು ಬೇರೆ ಯಾವುದೋ ಲೋಕದ ಸುದ್ದಿ ಎಂಬಂತೆ ನೋಡುತ್ತಿದ್ದೆ. ನಾವು ವಿಮಾನ ಬದಲಿಸಬೇಕಾದದ್ದು ಆ ಹಿಮದ ಊರಿನಲ್ಲಿ ಎಂಬುದು ಅಕ್ಕ ಹೇಳಿದ ಮೇಲೆ ತಲೆಗೆ ಹೋಯಿತು.

"ಮೌಲಾ, ಅದ ನೋಡ ನಮ್ಮ ನಿಲ್ದಾಣ."

ಸ್ವಲ್ಪ ಹೊತ್ತಿಗೆ ಫೋನಿಗೆ ಸಂದೇಶ ಬಂತು. ಗುರುವಾರದ ವಿಮಾನ ರದ್ದು, ಮುಂದಿನದು ಯಾವಾಗೆಂದು ತಿಳಿಸುತ್ತೇವೆ, ತೊಂದರೆಗೆ ವಿಷಾದಿಸುತ್ತೇವೆ. ನಾನು ಫೋನು ಹಚ್ಚಿದೆ. ಒಂದು ಹೆಣ್ಣಿನ ದನಿ ಕಾಯಿರಿ ಎಂದಿತು, ಆಮೇಲೆ ಸಂಗೀತ. ಆ ಸಂಗೀತ ಕೇಳುತ್ತ ಕೂತು ನನಗೆ ಅಳು ಬಂತು. ಇತ್ತ ಬೆಂಕಿ, ಅತ್ತ ಹಿಮ, ನಡುವೆ ಈ ಮುರುಕು ಇಂಗ್ಲಿಷಿನ ಮಾಸ್ತರ. ಬೇರೆ ದಾರಿಯ ವಿಮಾನಕ್ಕೆ ಜಾಗವಿಲ್ಲ ಎಂದರು. ಮಲಗಿ ಹೋಗುವ ರೋಗಿಗೆ ಜಾಗ ಸಿಗುವುದು ಇನ್ನೂ ಕಷ್ಟ ಎಂದರು. ಅವರು ಹೇಳಿದ್ದೆಲ್ಲ ನಿಜವೇ ಇರಬೇಕು.

"ಬಿಡೋ" ಎಂದಳು ಅಕ್ಕ. "ಅಳಬ್ಯಾಡ. ನೀ ಅತ್ತರ ಮೂಗ ಕೆಂಪ ಆಗ್ತೈತಿ, ಸಣ್ಣಾಂವ ಇದ್ದಾಗಿಂದ."

ಆ ಸಂಜೆ

ಗಾಳಿಗೆ ತಂತಿ ಹರಿದು ಇನ್ನಷ್ಟು ಬೆಂಕಿ ಹತ್ತಬಾರದೆಂದು ಓಣಿಗಳ ಕರೆಂಟನ್ನು ವಿದ್ಯುತ್ ಕಂಪನಿಯವರೇ ತೆಗೆದರು. ಟಿವಿ ಸುಮ್ಮನಾಯಿತು, ಮನೆ ಬೆಚ್ಚಗೆ ಮಾಡುವ ಯಂತ್ರವೂ ನಿಂತಿತು. ನೋಡನೋಡುತ್ತಲೇ ಚಳಿ ಒಳಗೆ ಬಂತು. ಕಿಟಕಿಯಲ್ಲಿ ಗುಡ್ಡದ ನೆತ್ತಿ ಕೆಂಪಾಗಿತ್ತು, ಆದರೆ ಆ ಕೆಂಪಿಗೆ ಬಿಸಿ ಇರಲಿಲ್ಲ.

"ಮೌಲಾ, ನನ್ನ ಕೌದಿ ಕೊಡೋ" ಎಂದಳು ಅಕ್ಕ.

ಅದು ಬಾಗಿಲಿಗೆ ನೇತಾಡುತ್ತಿತ್ತು, ನೀರು ಸೋರುತ್ತ. ಏನೆಂದು ಹೇಳಲಿ. ಹೇಳಿದೆ.

ಅವಳು ಒಂದು ಕ್ಷಣ ನನ್ನ ಮುಖ ನೋಡಿ ನಗತೊಡಗಿದಳು. ನಕ್ಕರೆ ಹೊಟ್ಟೆ ನೋಯುತ್ತಿತ್ತು, ಆದರೂ ನಕ್ಕಳು. "ಲೇ, ನನ್ನ ಮನೀನ ಬಣವಿ ಅಂತ ತಿಳದಿಯೇನ? ಅಪ್ಪನ ಮಗ ನೀ ಖರೇನ." ಹೊರಡುವವಳೆಂದು ಮನೆಯ ಉಳಿದ ಹೊದಿಕೆಗಳನ್ನೆಲ್ಲ ಅವಳು ಆಗಲೇ ಕೊಟ್ಟುಬಿಟ್ಟಿದ್ದಳು. ನಾನು ನನ್ನ ಸ್ವೆಟರು, ಕೋಟು, ಎರಡು ಲುಂಗಿ, ಕೊನೆಗೆ ಕೈಗೆ ಸಿಕ್ಕ ಟವೆಲ್ಲುಗಳನ್ನೆಲ್ಲ ಅವಳ ಮೇಲೆ ಒಟ್ಟಿದೆ. ಅವಳ ನಡುಕ ನಿಲ್ಲಲಿಲ್ಲ. ಅಷ್ಟು ದೂರದಿಂದ ಬಂದು ಅವಳ ಮೈಮೇಲಿದ್ದ ಬೆಚ್ಚನೆಯ ಒಂದೇ ಒಂದು ಬಟ್ಟೆಯನ್ನು ನಾನು ತೊಯ್ಸಿದ್ದೆ.

ಆಗ ಡೊನಾ ಬಾಗಿಲು ಬಡಿದಳು. ಗಾಳಿ ಈ ಕಡೆ ತಿರುಗಬಹುದಂತೆ, ತಾನು ಮಗಳ ಊರಿಗೆ ಹೊರಟೆ, ನಿಮ್ಮನ್ನೂ ಕಾರಿನಲ್ಲಿ ಕರೆದೊಯ್ಯುತ್ತೇನೆ ಎಂದಳು. ಬೆಕ್ಕಿನ ಬುಟ್ಟಿಯನ್ನು ಮುಂದಿನ ಸೀಟಿಗೆ ತಂದು ಹಿಂದೆ ನಮಗೆ ಜಾಗ ಮಾಡಿಟ್ಟಿದ್ದಳು. ನಾನು ಅಕ್ಕನತ್ತ ನೋಡಿದೆ.

"ನಾ ಇಬ್ರಾಹಿಂಪುರಕ್ಕ ಹೋಗಾಕ ತಯಾರಾಗಿ ಕುಂತಾಕಿ" ಎಂದಳು ಅಕ್ಕ. "ಇನ್ನೊಂದ ಊರಿಗೆ ಹೋಗಾಕ ನನ್ನ ಕಡೆ ಆಗೂದಿಲ್ಲೋ. ನೀ ಬೇಕಂದ್ರ ಹೋಗ."

ಹೋಗೆಂದು ಹೇಳಿದ್ದೇ ನಾನು ಹೋಗುವುದಿಲ್ಲವೆಂದು ಗೊತ್ತಿದ್ದು. ಡೊನಾ ಅಕ್ಕನ ಹಣೆ ಮುಟ್ಟಿ, ತನ್ನ ಹೆಗಲ ಮೇಲಿನ ಉಣ್ಣೆಯ ಶಾಲನ್ನು ಅವಳ ಮೇಲೆ ಹಾಕಿ, ಅಗ್ನಿಶಾಮಕದವರಿಗೆ ನೀವಿಲ್ಲಿರುವುದನ್ನು ಹೇಳಿರುತ್ತೇನೆ ಎಂದು ಹೊರಟುಹೋದಳು.

ಶಾಲಿನಿಂದ ಅಕ್ಕನ ನಡುಕ ಸ್ವಲ್ಪ ಇಳಿಯಿತು. ಓಣಿ ಖಾಲಿಯಾಗಿ ಎಂಥ ನಿಶ್ಶಬ್ದ ಕವಿಯಿತೆಂದರೆ, ಬೂದಿ ಬೀಳುವುದೂ ಕೇಳಿಸೀತು ಅನಿಸಿತು. ಮೇಣದಬತ್ತಿ ಹಚ್ಚಿದೆ. ಬೆಂಕಿಗೆ ಹೆದರಿ ಕೂತವನು ಬೆಂಕಿ ಹಚ್ಚಿಕೊಂಡ.

"ಏನರ ಓದೋ" ಎಂದಳು ಅಕ್ಕ. "ಕನ್ನಡದಾಗ."

ಆ ಮನೆಯಲ್ಲಿ ಕನ್ನಡದ ಒಂದು ಪುಸ್ತಕವೂ ಇರಲಿಲ್ಲ. ಹೊರಡುವ ತಯಾರಿಯಲ್ಲಿ ಅವನ್ನೂ ಯಾರ್ಯಾರಿಗೋ ಕೊಟ್ಟಿದ್ದಳು. ನನಗೆ ರಾಜಮಾ ಸುತ್ತಿದ ಪೇಪರುಗಳು ನೆನಪಾದವು. ರೊಟ್ಟಿಯ ಪೇಪರು, ಚಟ್ನಿಯ ಪೇಪರು, ಜೇಬಿನಲ್ಲಿದ್ದ ಅರ್ಧ ಹಾಳೆ, ಎಲ್ಲವನ್ನೂ ತಂದೆ. ಅಕ್ಕ ಒಂದನ್ನು ಈಸಿಕೊಂಡು ಮೂಸಿ ನೋಡಿ, ಮಲಗಿದಲ್ಲೇ ಮೊಣಕಾಲು ಮಡಚಿ, ತೊಡೆಯ ಮೇಲಿಟ್ಟು ಅಂಗೈಯಿಂದ ತಿಕ್ಕಿದಳು. ತಿಕ್ಕಿ ನನ್ನ ಕೈಗೆ ಕೊಟ್ಟಳು.

ಓದಿದೆ. ಈರುಳ್ಳಿ ಧಾರಣೆ ಓದಿದೆ. ಬಾವಿಗೆ ಮೋಟಾರು ಕೂರಿಸುವವರ ಜಾಹೀರಾತು ಓದಿದೆ. ತುರ್ತು ದುರಸ್ತಿಯ ಕಾರಣ ಇಬ್ರಾಹಿಂಪುರ ಮತ್ತು ಗಾಂಧಿ ಚೌಕದ ಸುತ್ತಮುತ್ತ ವಿದ್ಯುತ್ ವ್ಯತ್ಯಯವಾಗಲಿದೆ, ಗ್ರಾಹಕರು ಸಹಕರಿಸಬೇಕು ಎಂದು ಓದಿದಾಗ ಅಕ್ಕ, "ನಮ್ಮ ಓಣ್ಯಾಗೂ ಕರೆಂಟ್ ಇಲ್ಲೇನ ಹಂಗಾರ" ಎಂದಳು. ಅದರಿಂದ ಏನೋ ಸಮಾಧಾನವಾದಂತೆ ಕಣ್ಣು ಮುಚ್ಚಿದಳು. ಹೊರಗೆ ಆಕಾಶ ಇನ್ನಷ್ಟು ಕೆಂಪಾಗಿತ್ತು. ನಾನು ಆ ಕಡೆ ಬೆನ್ನು ಮಾಡಿ ಕೂತೆ.

ಕೊನೆಗೆ ಉಳಿದದ್ದು ಒಣದ್ರಾಕ್ಷಿಯ ಅರ್ಧ ಹಾಳೆ.

"ಮಮದಾಪುರ: ಇಲ್ಲಿಯ ಕೆರೆಯಲ್ಲಿ ನೀರು ಕುಡಿಯಲು ಇಳಿದ ಗಬ್ಬದ ಎಮ್ಮೆಯೊಂದು ಹೂಳಿನಲ್ಲಿ ಸಿಲುಕಿದ್ದು, ಗ್ರಾಮಸ್ಥರು ಹಗ್ಗ, ಜೋಳದ ಕಣಿಕೆ ಹಾಗೂ ಹಲಗೆಗಳ ನೆರವಿನಿಂದ ಮೇಲೆತ್ತಲು ಹರಸಾಹಸ ಪಟ್ಟರು. ಸಂಜೆಯಾದರೂ ಕಾರ್ಯಾಚರಣೆ ಮುಂದುವರಿದಿತ್ತು. ಬಳಿಕ ಟ್ರ್ಯಾಕ್ಟರ್ ತರಿಸಿ..."

ನಿಲ್ಲಿಸಿದೆ.

"ಮುಂದ?" ಎಂದಳು ಅಕ್ಕ.

"ಇಲ್ಲಿಗೆ ಹರದೈತಿ ಅಕ್ಕಾ."

"ಹರದರ ಏನಾತು? ಓದ."

ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದಳು. ಎಷ್ಟೋ ವರ್ಷ ಮಕ್ಕಳಿಗೆ ಕನ್ನಡ ಕಲಿಸಿದವನು ನಾನು, ಬರೆದದ್ದನ್ನು ಬಿಟ್ಟು ಬೇರೆ ಓದಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವನು. ಹಾಳೆಯನ್ನು ಮೇಣದಬತ್ತಿಯ ಹತ್ತಿರ ಹಿಡಿದೆ.

"ಬಳಿಕ ಟ್ರ್ಯಾಕ್ಟರ್ ತರಿಸಿ, ಹಗ್ಗ ಕಟ್ಟಿ, ಎಮ್ಮೆಯನ್ನು ಸುರಕ್ಷಿತವಾಗಿ ದಡಕ್ಕೆ ಎಳೆಯಲಾಯಿತು. ಗ್ರಾಮಸ್ಥರು ಹರ್ಷ ವ್ಯಕ್ತಪಡಿಸಿದರು."

"ಕರಾ?"

"ಮರುದಿನ ಬೆಳಿಗ್ಗೆ ಎಮ್ಮೆ ಹೆಣ್ಣುಗರುವಿಗೆ ಜನ್ಮ ನೀಡಿದ್ದು, ತಾಯಿ ಮತ್ತು ಕರು ಆರೋಗ್ಯವಾಗಿವೆ."

"ಛೇ, ಪೇಪರಿನವರು ಅಷ್ಟ ಲಗೂನ ಕರಾ ಹಾಕ್ಸೂದಿಲ್ಲೋ. ನಿನಗ ಸುಳ್ಳ ಓದಾಕ ಬರೂದಿಲ್ಲ" ಎಂದಳು. ಮುಖದಲ್ಲಿ ನಗು ಇತ್ತು. ಆಮೇಲೆ ತಾನಾಗಿಯೇ ಎದ್ದು ದಿಂಬಿಗೆ ಒರಗಿ ಕೂತಳು. ನಾನು ಬಂದಂದಿನಿಂದ ಅವಳು ಯಾರ ಕೈಯನ್ನೂ ಹಿಡಿಯದೆ ಕೂತದ್ದು ಅದೇ ಮೊದಲು. ರೊಟ್ಟಿಯ ಒಂದು ಚೂರು ಕೇಳಿ, ನೀರಿನಲ್ಲಿ ಅದ್ದಿ ತಿಂದಳು. ನನಗೆ ಎಲ್ಲಿಲ್ಲದ ಆಸೆ ಹುಟ್ಟಿತು. ಹಿಮ ಕರಗುತ್ತದೆ, ಚೀಟಿಗೆ ಇನ್ನೂ ದಿನವಿದೆ, ಸುಣ್ಣ ಹೊಡೆದ ಕೋಣೆಗೆ ಇವಳನ್ನು ಕರೆದೊಯ್ಯುತ್ತೇನೆ ಎಂದುಕೊಂಡೆ.

"ಮೌಲಾ, ಅಪ್ಪಗ ಗೊತ್ತಿತ್ತೇನೋ, ನಾ ಸುಳ್ಳ ಓದ್ತಿದ್ದೆ ಅನ್ನೂದು?"

"ಗೊತ್ತಿಲ್ಲ ಅಕ್ಕಾ."

"ಗೊತ್ತಿತ್ತು" ಎಂದಳು. "ಅದಕ್ಕ ದಿನಾ ಮುಂದ ಮುಂದ ಅಂತಿದ್ದ."

ಬೆಂಕಿ ನಮ್ಮ ಓಣಿಗೆ ಬರಲಿಲ್ಲ. ಗಾಳಿ ಇನ್ನೊಂದು ಕಡೆ ತಿರುಗಿ ಬೇರೆ ಯಾರದೋ ಮನೆಗಳನ್ನು ಸುಟ್ಟಿತು. ಎರಡು ದಿನದಲ್ಲಿ ಕರೆಂಟು ಬಂತು, ಡೊನಾ ಬಂದಳು, ಅವಳ ಬೆಕ್ಕು ಬಂತು. ಚೀಟಿಯ ವಾರ ಮುಗಿಯಿತು. ವಿಮಾನಗಳು ಮತ್ತೆ ಹಾರತೊಡಗಿದ ದಿನ ಅಕ್ಕನಿಗೆ ಮಾತು ನಿಂತಿತ್ತು. ಮನೆ ಉಳಿಯಿತು, ಮನೆಯವಳು ಉಳಿಯಲಿಲ್ಲ.

ಹೆಣವನ್ನು ಊರಿಗೆ ಒಯ್ಯಲು ವಾರಗಟ್ಟಲೆ ಹಿಡಿಯುತ್ತದೆ ಎಂದರು, ನಮ್ಮಲ್ಲಿ ಮಣ್ಣು ಕೊಡುವುದನ್ನು ಅಷ್ಟು ದಿನ ತಡೆಯುವಂತಿಲ್ಲ. ಅಲ್ಲಿಯ ಮಸೀದಿಯ ಕೆಲವರು, ನನಗೆ ಹೆಸರೂ ಗೊತ್ತಿಲ್ಲದವರು, ಹೆಗಲು ಕೊಟ್ಟರು. ಸುಟ್ಟ ಗುಡ್ಡದ ಕೆಳಗಿನ ಮಣ್ಣು ಕಪ್ಪಗಿತ್ತು, ಹೊಗೆ ವಾಸನೆ ಹೊಡೆಯುತ್ತಿತ್ತು. ಒಂದು ಮುಷ್ಟಿ ಹಾಕಿದೆ. ಇದು ನಮ್ಮ ಮಣ್ಣಲ್ಲ ಅಕ್ಕಾ ಎಂದು ಮನಸ್ಸಿನಲ್ಲೇ ಹೇಳಿದೆ. ಒಬ್ಬಳು ಒಂದೇ ಒಂದು ಮಾತು ಕೇಳಿದ್ದಳು, ಅದು ನನ್ನ ಕೈಲಾಗಲಿಲ್ಲ.

ಮಮದಾಪುರ

ಊರಿಗೆ ಬಂದ ಮೇಲೆ ಸುಣ್ಣ ಹೊಡೆದ ಕೋಣೆಯ ಬಾಗಿಲನ್ನು ರಾಜಮಾ ಮುಚ್ಚಿಯೇ ಇಟ್ಟಳು. ಕೌದಿಯನ್ನು ಬಿಸಿಲಿಗೆ ಹಾಕಿದಾಗ ಅದರಿಂದ ಹೊಗೆ ವಾಸನೆ ಬಂತು, ಇನ್ನೂ ಬರುತ್ತದೆ. ನಾನು ಇಬ್ರಾಹಿಂಪುರಕ್ಕೆ ಹೋಗಿ ಅಪ್ಪನ ಗೋರಿಯ ಬಳಿ ನಿಂತೆ. ಪಕ್ಕದಲ್ಲಿ ಒಂದೀಟು ಜಾಗ ಇತ್ತು. ಹುಲ್ಲು ಬೆಳೆದಿತ್ತು.

ಒಂದು ದಿನ ಏನನ್ನಿಸಿತೋ, ಬಬಲೇಶ್ವರದಿಂದ ಮಮದಾಪುರದ ಬಸ್ಸು ಹತ್ತಿದೆ. ಅರ್ಧ ಹಾಳೆ ಜೇಬಿನಲ್ಲಿತ್ತು. ಆ ಎಮ್ಮೆ ಉಳಿದಿದ್ದರೆ ಅಕ್ಕನಿಗೆ ನಾನು ಓದಿದ್ದರಲ್ಲಿ ಒಂದಾದರೂ ಖರೆಯಾಗುತ್ತದೆ ಎಂಬ ಹುಚ್ಚು ಆಸೆ. ಕೆರೆಯ ಹತ್ತಿರ ಕುರಿ ಕಾಯುತ್ತಿದ್ದವನನ್ನು ಕೇಳಿದೆ. ಅವನು ಊರ ಅಗಸಿಬಾಗಿಲ ಪಕ್ಕದ ಒಂದು ಮನೆ ತೋರಿಸಿದ.

ಎಮ್ಮೆಯ ಒಡತಿ ನೀಲವ್ವ, ನನ್ನ ಅಕ್ಕನ ವಯಸ್ಸಿನವಳು, ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಖಾಲಿ ಗೂಟ ಅಲ್ಲಿಯೇ ಇತ್ತು. ಅದನ್ನು ನೋಡಿದ ಮೇಲೆ ಕೇಳುವುದು ಉಳಿದಿರಲಿಲ್ಲ. ಆದರೂ ಕೇಳಿದೆ.

"ಟ್ಯಾಕ್ಟರ್ ಹಚ್ಚಿ ತಗದ್ವಿ ನೋಡ್ರಿ" ಎಂದಳು. "ದಂಡಿಗೆ ಬಂದು ಎದ್ದ ನಿಂತ್ತು. ನೀರೂ ಕುಡೀತು. ಎಲ್ಲಾರೂ ಉಳೀತು ಉಳೀತು ಅಂದ್ವಿ. ಆಮ್ಯಾಲ ಹಂಗ ಕುಸೀತ್ರಿ. ಕರಾನೂ ಹೊಟ್ಟ್ಯಾಗ ಹೋತು." ಮೊರವನ್ನು ಕೆಳಗಿಟ್ಟಳು. "ನಿಮಗ ಯಾರ್ ಹೇಳಿದ್ರು?"

ಪೇಪರಿನಲ್ಲಿ ಬಂದಿತ್ತು ಎಂದೆ.

"ನಮ್ಮ ಎಮ್ಮಿ ಪೇಪರಿನ್ಯಾಗ ಬಂದಿತ್ತೇನ್ರಿ? ನಮಗ ಒಬ್ಬರೂ ಹೇಳ್ಲಿಲ್ಲಲ್ರಿ. ಏನ್ ಬರದಾರ, ಓದ್ರಿ ಈಟ. ನನಗ ಓದಾಕ ಬರೂದಿಲ್ಲ."

ಹಾಳೆಯನ್ನು ತೊಡೆಯ ಮೇಲಿಟ್ಟು ತಿಕ್ಕಿ ಓದಿದೆ. ಕೆರೆ, ಹೂಳು, ಹಗ್ಗ, ಕಣಿಕೆ, ಸಂಜೆ. ಬಳಿಕ ಟ್ರ್ಯಾಕ್ಟರ್ ತರಿಸಿ ಎನ್ನುವಲ್ಲಿ ಹಾಳೆ ಮುಗಿಯಿತು. ನೀಲವ್ವ ಸೆರಗನ್ನು ಬಾಯಿಗೆ ಹಿಡಿದು ಕೇಳುತ್ತಿದ್ದಳು.

"ಮುಂದ?" ಎಂದಳು.

ಮುಂದಿನದು ಅವಳಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು.

"ಇಲ್ಲಿಗೆ ಹರದೈತ್ರಿ ಯವ್ವಾ" ಎಂದೆ.

ಅವಳು ಹಾಳೆಯನ್ನು ಈಸಿಕೊಂಡು ಹರಿದ ಅಂಚಿನ ಮೇಲೆ ಬೆರಳಾಡಿಸಿದಳು. ಮತ್ತೆ ನನ್ನ ಕೈಗೇ ಕೊಟ್ಟಳು.

"ಛಲೋ ಆತು ಬಿಡ್ರಿ. ಇನ್ನೊಮ್ಮಿ ಓದ್ರಿ."

ನಾನು ಮೊದಲಿನಿಂದ ಓದತೊಡಗಿದೆ.